ಬಚ್ಚಲಿಗೆ ಕರೆದರೆ ಕಿರುಚಾಟ: ಮನೆಯಲ್ಲಿ ಎಬಿಎ ಮಾಡಿ ನೋಡಿದವರು ಹೇಳಿ

ಹೊಸನಗರ ಕಡೆಯ ತಾಯಿ ಕೇಳಿದ್ದು

ಮಗನಿಗೆ ಐದು ತುಂಬಿದೆ, ಆಟಿಸಂ. ಮಾತು ಇನ್ನೂ ಬಂದಿಲ್ಲ. ಥೆರಪಿಗೆ ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗ್ತೀವಿ, ಮಳೆಗಾಲದಲ್ಲಿ ಅದೂ ತಪ್ಪುತ್ತೆ. ಬಚ್ಚಲಿಗೆ ಕರೆದರೆ ಕಿರುಚಿ ನೆಲಕ್ಕೆ ಬೀಳ್ತಾನೆ. ಸಂಜೆ ನಾನು ಅಡುಗೆಗೆ ನಿಂತರೆ ಪಾತ್ರೆ ಎಸೀತಾನೆ. 'ಗಮನ ಕೊಡಬೇಡಿ, ತಾನೇ ಬಿಡ್ತಾನೆ' ಅಂತ ಪರಿಚಯದವರು ಹೇಳಿದರು. ಹಾಗೆ ಮಾಡಿದ ಮೇಲೆ ಎರಡೂ ಜಾಸ್ತಿ ಆಗಿವೆ. ಅತ್ತೆ 'ಎರಡು ಏಟು ಬಿಟ್ಟರೆ ಸರಿಹೋಗ್ತಾನೆ' ಅಂತಾರೆ. ಎಬಿಎ ಅಂದರೆ ನಿಜಕ್ಕೂ ಏನು, ಮನೆಯಲ್ಲಿ ಎಷ್ಟು ಮಾಡಬಹುದು?

ತೀರ್ಥಹಳ್ಳಿಯಿಂದ, ಇನ್ನೊಬ್ಬ ತಾಯಿ

ಅಕ್ಕಾ, ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ಗಲಾಟೆ ಇವೆ, ಎರಡಕ್ಕೂ ಒಂದೇ ಮದ್ದು ನಡೆಯಲ್ಲ. ಪಾತ್ರೆ ಬಿದ್ದ ಸದ್ದಿಗೆ ನೀವು ಒಲೆ ಬಿಟ್ಟು ಓಡಿ ಬರ್ತೀರಲ್ಲ, ಅವನಿಗೆ ಬೇಕಿರುವುದು ಬಹುಶಃ ಅದೇ. ಬಚ್ಚಲ ಬಾಗಿಲಲ್ಲಿ ಅವನಿಗೆ ನಿಮ್ಮ ಗಮನ ಬೇಕಿಲ್ಲ, ಸ್ನಾನ ತಪ್ಪಿದರೆ ಸಾಕು. ಅಲ್ಲಿ ನೀವು ಸುಮ್ಮನೆ ಎದ್ದು ಬಂದರೆ ಅವನ ಕೆಲಸ ಆದ ಹಾಗೇ.

ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ, ನಿಂತಿರುವುದು ಇದರ ಮೇಲೆ. ಏನೋ ಮಾಡಿದ ಬೆನ್ನಿಗೇ ಬೇಕಾದ್ದು ಸಿಕ್ಕರೆ, ಇಲ್ಲವೇ ಬೇಡವಾದದ್ದು ತೊಲಗಿದರೆ, ಮಗು ಅದನ್ನು ಮತ್ತೆ ಮಾಡುತ್ತೆ. ಮೊದಲನೆಯದು ಪಾಸಿಟಿವ್ ರೀಇನ್ಫೋರ್ಸ್‌ಮೆಂಟ್, ಎರಡನೆಯದು ನೆಗೆಟಿವ್. ಎರಡರಲ್ಲೂ ವರ್ತನೆ ಗಟ್ಟಿಯಾಗುತ್ತೆ. ಗಲಾಟೆಯ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣ ಹುಡುಕುತ್ತಾರೆ: ಯಾರಾದರೂ ನೋಡಲಿ, ಇದು ತಪ್ಪಲಿ, ಅದು ಸಿಗಲಿ, ಇಲ್ಲವೇ ಹಾಗೆ ಮಾಡಿದರೆ ಮೈಗೇ ಹಿತ.

ಯಾವುದು ಅಂತ ತಿಳಿಯೋಕೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ಮೊದಲು ಏನಾಯ್ತು, ಅವನೇನು ಮಾಡಿದ, ಆಮೇಲೆ ನೀವೇನು ಮಾಡಿದಿರಿ. 'ಹಠ ಹಿಡಿದ' ಅಂತ ಬರೀಬೇಡಿ. 'ದಾರಂದ ಹಿಡಿದು ಕೂತ, ಕಿವಿ ಮುಚ್ಚಿಕೊಂಡ' ಅಂತ ಕಣ್ಣಿಗೆ ಕಂಡದ್ದನ್ನು ಬರೆಯಿರಿ.

ಹೀಗೆ ಬರೆಯುತ್ತಾ ಹೋದಾಗಲೇ ನಮಗೆ ಗೊತ್ತಾದದ್ದು, ನಮ್ಮ ಮಗಳಿಗೆ ಬೇಡವಾಗಿದ್ದದ್ದು ಸ್ನಾನ ಅಲ್ಲ, ಹೊಗೆ. ಮಳೆಗಾಲದ ಹಸಿ ಸೌದೆ, ಹಂಡೆ ಒಲೆಯ ಹೊಗೆ ಬಚ್ಚಲ ತುಂಬ. ಸೌದೆ ಒಣಗಿದ್ದ ದಿನ ಅಳುವೇ ಇಲ್ಲ. ನೀರು ಕಾದು ಹೊಗೆಯೆಲ್ಲ ಹೋದ ಮೇಲೆ ಕರೆಯಲು ಶುರು ಮಾಡಿದೆವು, ಅರ್ಧ ಜಗಳ ಅಲ್ಲೇ ಮುಗಿಯಿತು. ಉಳಿದದ್ದು ತಲೆಗೆ ನೀರು ಬೀಳುವ ಭಯ. ಚೊಂಬು ಅವಳ ಕೈಗೇ ಕೊಟ್ಟೆವು. ಮೊದಲು ಪಾದಕ್ಕೆ, ಅದು ಸಲೀಸಾದ ಮೇಲೆ ಮಂಡಿಗೆ, ಆಮೇಲೆ ಭುಜಕ್ಕೆ. ಪ್ರತಿ ಸಲ ಹುಯ್ದುಕೊಂಡ ತಕ್ಷಣ ಅವಳಿಗಿಷ್ಟವಾದ ಸೋಪಿನ ಗುಳ್ಳೆ ಊದುತ್ತಿದ್ದೆ. ಇದಕ್ಕೆ ಶೇಪಿಂಗ್ ಅಂತಾರೆ. ಮೈ ಒರೆಸಿಕೊಳ್ಳುವುದನ್ನು ಕೊನೆಯ ಹಂತದಿಂದ ಶುರು ಮಾಡಿ ಕಲಿಸಿದೆವು. ಎಲ್ಲ ನಾವೇ ಮಾಡಿ, ಟವೆಲ್ ತಂತಿಗೆ ಹಾಕುವುದೊಂದನ್ನು ಅವಳಿಗೆ ಬಿಡುವುದು. ಅದು ಬಂದ ಮೇಲೆ ಅದರ ಹಿಂದಿನ ಹಂತ. ಹಾಗಾಗಿ ಕೆಲಸ ಮುಗಿಸಿದ ಖುಷಿ ದಿನವೂ ಅವಳಿಗೇ.

ಸಾಗರದಿಂದ, ವಿಶೇಷ ಶಿಕ್ಷಕಿ

ಗಮನ ನಿಲ್ಲಿಸಿದಾಗ ಗಲಾಟೆ ಮೊದಲು ಏರಬಹುದು. ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುವುದು ಅದನ್ನೇ. ಏರಿದಾಗ ಓಡಿ ಬಂದರೆ, ಇಷ್ಟು ಜೋರು ಮಾಡಿದರೇನೇ ಅಮ್ಮ ಬರೋದು ಅಂತ ಮಗು ಕಲಿಯುತ್ತೆ. ಅದಕ್ಕೇ ನಾನು ಬರೀ ನಿಲ್ಲಿಸುವ ಕೆಲಸ ಯಾರಿಗೂ ಹೇಳುವುದಿಲ್ಲ. ನಿಮ್ಮನ್ನು ಕರೆಯಲು ಅವನಿಗೆ ಬೇರೆ ದಾರಿ ಕೊಡಿ: ಸೆರಗು ಮುಟ್ಟುವುದು, ಇಲ್ಲ ನಿಮ್ಮ ಫೋಟೋ ಇರುವ ಕಾರ್ಡ್ ಕೈಗೆ ಕೊಡುವುದು. ಗಲಾಟೆಯಿಂದ ಸಿಗುತ್ತಿದ್ದದ್ದನ್ನೇ ಕೇಳಿ ಪಡೆಯಲು ಕಲಿಸಿದರೆ ಗಲಾಟೆ ಇಳಿಯುತ್ತೆ ಅಂತ ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು 1985ರಲ್ಲೇ ತೋರಿಸಿದ್ದಾರೆ. ಶುರುವಿನಲ್ಲಿ ಕಾರ್ಡ್ ಕೊಟ್ಟ ಪ್ರತಿ ಸಲವೂ ತಿರುಗಿ ನೋಡಲೇಬೇಕು, ಒಗ್ಗರಣೆ ಸೀದರೂ ಸರಿ. ಕೈ ಹಿಡಿದು ಮಾಡಿಸುತ್ತಿದ್ದರೆ ಆ ಸಹಾಯವನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾ ಬನ್ನಿ.

ನೆಲಕ್ಕೆ ಬೀಳುವಾಗ ತಲೆ ಚಚ್ಚಿಕೊಳ್ಳುತ್ತಾನಾ? ಹಾಗಿದ್ದರೆ 'ಗಮನ ಕೊಡಬೇಡಿ' ಅನ್ನುವುದನ್ನು ಮನೆಯಲ್ಲಿ ಪ್ರಯೋಗಿಸಲೇಬಾರದು, ಪಕ್ಕದಲ್ಲಿ ನುರಿತವರು ಬೇಕು. ಇತ್ತೀಚೆಗೆ ದಿಢೀರನೆ ಶುರುವಾದದ್ದಾದರೆ ಮೊದಲು ಕಿವಿ, ಹಲ್ಲು, ಹೊಟ್ಟೆ ಡಾಕ್ಟರಿಗೆ ತೋರಿಸಿ. ನೋವು ಹೇಳಲು ಅವನಿಗೆ ಮಾತಿಲ್ಲ.

ಭದ್ರಾವತಿಯಿಂದ, ಆಟಿಸಂ ಇರುವ ಯುವಕ

ಎಬಿಎ ಹೆಸರು ಮಾಡಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ ಅವರ 1987ರ ಅಧ್ಯಯನದಿಂದ, ವಾರಕ್ಕೆ 40 ಗಂಟೆ ತರಬೇತಿ. ಅದರಲ್ಲಿ ಗದರಿಕೆ, ತೊಡೆಗೆ ಏಟೂ ಇದ್ದವು. ನಮ್ಮಂಥ ಅನೇಕರಿಗೆ ಈ ಪದ್ಧತಿಯ ಮೇಲೆ ಇವತ್ತಿಗೂ ಸಿಟ್ಟಿರುವುದಕ್ಕೆ ಕಾರಣವಿದೆ. ಕೈ ಬೀಸುವುದು, ಕಣ್ಣು ತಪ್ಪಿಸುವುದು ಯಾರಿಗೂ ತೊಂದರೆ ಕೊಡಲ್ಲ, ಅವನ್ನು ದಯವಿಟ್ಟು ತಿದ್ದಲು ಹೋಗಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯಿಸುತ್ತಿದ್ದ ದಿನಗಳಲ್ಲಿ ಎದುರಿನವರು ಹೇಳಿದ್ದು ಒಂದೂ ನನ್ನ ತಲೆಗೆ ಹೋಗುತ್ತಿರಲಿಲ್ಲ. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಈ ಶಾಸ್ತ್ರಕ್ಕೆ ಚೌಕಟ್ಟು ಹಾಕಿದಾಗ, ಬದಲಿಸಲು ಆರಿಸುವ ವರ್ತನೆ ಜನರ ಬದುಕಿಗೆ ನಿಜಕ್ಕೂ ಮುಖ್ಯವಾದುದಾಗಿರಬೇಕು ಅಂದಿದ್ದರು. ಅದನ್ನು ಕೇಳುತ್ತಾ ಇರಿ: ಇದು ಅವನಿಗೆ ಮುಖ್ಯವೋ, ನೋಡುವವರಿಗೋ? ಮತ್ತೆ, 'ಬೇಡ' ಅನ್ನಲೂ ಒಂದು ಕಾರ್ಡ್ ಮಾಡಿಕೊಡಿ. ಅವನು ಅದನ್ನು ಕೊಟ್ಟಾಗ ಒಂದು ನಿಮಿಷವಾದರೂ ನಿಲ್ಲಿಸಿ.

ಕೊಪ್ಪದಿಂದ, ಒಬ್ಬ ತಂದೆ

ಬಹುಮಾನ ದಿನಕ್ಕೊಂದು ಬದಲಾಗಬೇಕು, ಹೊಟ್ಟೆ ತುಂಬಿದ ಮೇಲೆ ಹಲಸಿನ ಚಿಪ್ಸ್‌ಗೆ ಯಾವ ಮಗುವೂ ಕೆಲಸ ಮಾಡಲ್ಲ. ಇನ್ನೊಂದು, ಮನೆ ಬಚ್ಚಲಲ್ಲಿ ಕಲಿತದ್ದು ಅಜ್ಜನ ಮನೆಯಲ್ಲಿ ತಾನಾಗಿ ಬರಲಿಲ್ಲ ನಮ್ಮವನಿಗೆ. ಅಲ್ಲೂ ಮೊದಲಿಂದ, ಬೇರೆಯವರ ಕೈಯಲ್ಲಿ ಅಭ್ಯಾಸ ಮಾಡಿಸಿದೆವು.

ಹೊಸನಗರದ ತಾಯಿ

ತಲೆ ಚಚ್ಚಿಕೊಳ್ಳಲ್ಲ, ದೇವರ ದಯೆ. ಕಾರ್ಡ್ ಇವತ್ತೇ ಮಾಡ್ತೀನಿ. ಆದರೆ ಅಡುಗೆ, ತೋಟ, ಕೊಟ್ಟಿಗೆ ಮಧ್ಯೆ ಬರೆಯುತ್ತಾ ಕೂರೋಕೆ ಆಗುತ್ತಾ?

ತೀರ್ಥಹಳ್ಳಿಯ ತಾಯಿ

ದಿನವಿಡೀ ಬೇಡ. ಸ್ನಾನದ ಹೊತ್ತು, ಸಂಜೆ ಅಡುಗೆ ಹೊತ್ತು, ಅಷ್ಟೇ ಬರೆಯಿರಿ. ಸಂಜೆಯದ್ದನ್ನು ಅತ್ತೆಯವರ ಕೈಗೆ ಕೊಡಿ. ನೀವು ಒಲೆ ಮುಂದೆ ಇರುವಾಗ ಅವನನ್ನು ಕಣ್ಣಾರೆ ನೋಡುವವರು ಅವರೇ. ಏಟು ಬೇಡ ಅಂತ ನೀವು ವಾದ ಮಾಡುವುದಕ್ಕಿಂತ, ಕಾರ್ಡ್ ಕೊಟ್ಟ ದಿನ ಪಾತ್ರೆ ಬಿತ್ತೋ ಇಲ್ಲವೋ ಅಂತ ಅವರೇ ಬರೆಯಲಿ. ಮುಂದಿನ ಸಲ ಶಿವಮೊಗ್ಗಕ್ಕೆ ಹೋಗುವಾಗ ಆ ಪುಸ್ತಕವನ್ನು ಥೆರಪಿಸ್ಟ್ ಮುಂದೆ ಇಡಿ, ಸ್ನಾನಕ್ಕೆ ಯಾವ ಹಂತದಿಂದ ಶುರು ಮಾಡಬೇಕು ಅಂತ ಅದನ್ನು ನೋಡಿಯೇ ಹೇಳಲಿ.