ಸಾಫ್ಟ್‌ವೇರ್ ತಂದು ವರ್ಷವಾಯ್ತು, ಬಿಲ್ ಇನ್ನೂ ಚೀಟಿಯಲ್ಲೇ: ತುಮಕೂರು ವ್ಯಾಪಾರಿಗಳ ಪ್ರಶ್ನೋತ್ತರ

ಪ್ರಶ್ನೆ – ಹಾರ್ಡ್‌ವೇರ್ ಅಂಗಡಿ, ಮಂಡಿಪೇಟೆ

ಸರ್, ನಮ್ಮದು ಸಿಮೆಂಟು, ಕಂಬಿ, ಪಿವಿಸಿ ಪೈಪು, ವೈರು, ಪೇಂಟು ಎಲ್ಲ ಇರೋ ಅಂಗಡಿ. ಸುಮಾರು ಮೂರೂವರೆ ಸಾವಿರ ಐಟಂ. ಕೌಂಟರಿನಲ್ಲಿ ಮೂವರು ಹುಡುಗರು, ಗೋಡೌನಿನಲ್ಲಿ ಇಬ್ಬರು. ಹೋದ ವರ್ಷ ಬಿಲ್ಲಿಂಗ್ ಸಾಫ್ಟ್‌ವೇರ್, ಬಾರ್‌ಕೋಡ್ ಪ್ರಿಂಟರ್, ಸ್ಕ್ಯಾನರ್ ತಗೊಂಡ್ವಿ. ಸ್ವಲ್ಪ ದಿನ ಚೆನ್ನಾಗೇ ನಡೀತು. ಆಮೇಲೆ ಸ್ಟಾಕ್ ಮೈನಸ್ ತೋರಿಸೋಕೆ ಶುರುವಾಯ್ತು. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಮೇಸ್ತ್ರಿಗಳು ಸಾಲುಗಟ್ಟಿ ನಿಂತಾಗ ಹುಡುಗರು ಮತ್ತೆ ಚೀಟಿಗೆ ಇಳಿದರು. ಈಗ ಸಂಜೆ ಒಬ್ಬ ಕೂತು ಚೀಟಿ ನೋಡಿ ಟೈಪ್ ಮಾಡ್ತಾನೆ. ಸಾಫ್ಟ್‌ವೇರೇ ಸರಿ ಇಲ್ವಾ? ಮೊಬೈಲಲ್ಲೂ ನಡೆಯೋ ಬೇರೆ ಯಾವುದಾದ್ರೂ ತಗೊಳ್ಳೋದಾ?

ಉತ್ತರ – ಅಂಗಡಿ, ಕಾರ್ಖಾನೆಗಳಿಗೆ ಲೆಕ್ಕದ ಸಾಫ್ಟ್‌ವೇರ್ ಅಳವಡಿಸುವವರು

ಬದಲಾಯಿಸಬೇಡಿ ಸರ್. ಐಟಂ ಪಟ್ಟಿ ಹೀಗೇ ಇದ್ದರೆ ಹೊಸದರಲ್ಲೂ ಸ್ವಲ್ಪ ದಿನಕ್ಕೆ ಇದೇ ಗತಿ. ನಿಮ್ಮ ತೊಂದರೆ ಎರಡು ಕಡೆ ಇದೆ: ಐಟಂ ಪಟ್ಟಿ ಕಟ್ಟಿದ ರೀತಿಯಲ್ಲಿ, ಮತ್ತು ಕೆಲಸ ಯಾರ ತಲೆ ಮೇಲೆ ಬಿತ್ತು ಅನ್ನೋದರಲ್ಲಿ.

ಮೊದಲು ಮೈನಸ್ ಸ್ಟಾಕ್. ಹಾರ್ಡ್‌ವೇರ್ ಅಂಗಡಿಯಲ್ಲಿ ಇದು ಸಾಮಾನ್ಯವಾಗಿ ಕಂಬಿಯಿಂದಲೇ ಶುರುವಾಗುತ್ತೆ. ಕಂಬಿ ಬರೋದು ಟನ್ ಲೆಕ್ಕದಲ್ಲಿ, ಹೋಗೋದು ಪೀಸ್ ಲೆಕ್ಕದಲ್ಲಿ. ಮೀಟರಿಗೆ ಎಷ್ಟು ಕೆಜಿ ಅಂದರೆ, ಎಂಎಂನಲ್ಲಿರೋ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದ್ದು. ಹಾಗಾಗಿ 8 ಎಂಎಂ ಕಂಬಿ ಮೀಟರಿಗೆ 0.395 ಕೆಜಿ, 12 ಮೀಟರ್ ಉದ್ದದ ಒಂದು ಕಂಬಿ 4.74 ಕೆಜಿ, ಒಂದು ಟನ್ನಿಗೆ ಸುಮಾರು 211 ಕಂಬಿ. ಆದರೆ ಭಾರತೀಯ ಮಾನಕ ಐಎಸ್ 1786 ಪ್ರಕಾರ 10 ಎಂಎಂವರೆಗಿನ ಕಂಬಿಯ ತೂಕದಲ್ಲಿ ಶೇ 7ರಷ್ಟು ಹೆಚ್ಚುಕಡಿಮೆ ಇರಬಹುದು. ನಿಮಗೆ ಬಂದ ಲೋಡು ಶೇ 5 ಹಗುರ ಅಂದುಕೊಳ್ಳಿ. ಆಗ ಒಂದು ಕಂಬಿ 4.50 ಕೆಜಿ, ಟನ್ನಿಗೆ 222 ಕಂಬಿ ಬಂದಿರುತ್ತೆ. ಸಾಫ್ಟ್‌ವೇರ್ ಅಷ್ಟನ್ನೂ 4.74ರಲ್ಲಿ ಗುಣಿಸಿ 1,052 ಕೆಜಿ ಮಾರಿದಿರಿ ಅನ್ನುತ್ತೆ. ತಂದದ್ದು 1,000, ಮಾರಿದ್ದು 1,052. 52 ಕೆಜಿ ಮೈನಸ್ ಬಂತು. ಹುಡುಗರು ಕದ್ದೂ ಇಲ್ಲ, ಸಾಫ್ಟ್‌ವೇರ್ ಕೆಟ್ಟೂ ಇಲ್ಲ.

ಇದಕ್ಕೆ ಕಂಬಿಯ ಪ್ರತಿ ದಪ್ಪಕ್ಕೂ ಬೇರೆ ಐಟಂ ಮಾಡಿ, ಮೂಲ ಅಳತೆ ಕೆಜಿ, ಎರಡನೇ ಅಳತೆ ಪೀಸ್ ಅಂತ ಇಡಿ. ಲೋಡು ಇಳಿಸುವಾಗಲೇ ದಪ್ಪಕ್ಕೊಂದು ಕಟ್ಟು ಎಣಿಸಿ, ಕಾಟಾದಲ್ಲಿ ತೂಗಿ, ಆ ಲೋಡಿನ ಒಂದು ಕಂಬಿಯ ನಿಜವಾದ ತೂಕ ಬರೆದುಕೊಂಡು ಸಾಫ್ಟ್‌ವೇರಿನಲ್ಲಿ ಅದನ್ನೇ ಹಾಕಿ. ತಿಂಗಳ ಕೊನೆಗೆ ಉಳಿದ ವ್ಯತ್ಯಾಸವನ್ನು ಸ್ಟಾಕ್ ಹೊಂದಾಣಿಕೆಯಲ್ಲಿ ಸರಿ ಮಾಡಿ. ಗಿರಾಕಿಗೆ ಕೆಜಿ ದರ ಹೇಳಿದ್ದರೆ ಮಾತ್ರ ಕಾಟಾ ಮೇಲಿಟ್ಟೇ ಕೊಡಬೇಕು, ಪುಸ್ತಕದ ತೂಕ ಹಾಕಬಾರದು.

ವೈರಿಗೂ ಹೀಗೇ. ಬರೋದು 90 ಮೀಟರಿನ ಕಾಯಿಲ್, ಹೋಗೋದು ಮೀಟರ್. ಮೂಲ ಅಳತೆ ಮೀಟರೇ ಇರಲಿ. ‘ಕಾಯಿಲ್’ ಅಂತ ಒಂದು ಐಟಂ, ‘ಬಿಡಿ ವೈರ್’ ಅಂತ ಇನ್ನೊಂದು ಮಾಡಿದರೆ ಒಂದರಲ್ಲಿ ಸ್ಟಾಕ್ ಬೆಳೆಯುತ್ತಾ ಹೋಗುತ್ತೆ, ಇನ್ನೊಂದು ಮೈನಸ್ ಆಗುತ್ತಾ ಹೋಗುತ್ತೆ.

ಹೆಸರಿಡೋ ಕ್ರಮಕ್ಕೂ ಗಮನ ಕೊಡಿ. ‘1 ಇಂಚು ಎಲ್ಬೋ’, ‘ಎಲ್ಬೋ 25 ಎಂಎಂ’, ‘ಪಿವಿಸಿ ಎಲ್ಬೋ ಒಂದಿಂಚು’ ಅಂತ ಒಂದೇ ವಸ್ತು ಮೂರು ಹೆಸರಲ್ಲಿ ಕೂತಿದ್ದರೆ ಹುಡುಗನಿಗೆ ಹುಡುಕೋಕೇ ಅರ್ಧ ನಿಮಿಷ ಹೋಗುತ್ತೆ. ವಸ್ತು, ವಿಧ, ಅಳತೆ, ಕಂಪನಿ: ಈ ಕ್ರಮ ಒಂದೇ ಇರಲಿ. ತೆರಿಗೆ ದರವನ್ನು ಪ್ರತಿ ಐಟಂಗೂ ಬಿಡಿಬಿಡಿಯಾಗಿ ತುಂಬದೆ ಎಚ್‌ಎಸ್‌ಎನ್ (ಜಿಎಸ್‌ಟಿಗಾಗಿ ಸರಕನ್ನು ವಿಂಗಡಿಸೋ ಸಂಖ್ಯೆ) ಗುಂಪಿಗೆ ಜೋಡಿಸಿ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ, ಗುಂಪಿಗೆ ಜೋಡಿಸಿದ್ದ ಅಂಗಡಿಯವರಿಗೆ ಒಂದು ಕಡೆ ತಿದ್ದಿದರೆ ಸಾಕಿತ್ತು.

ಮೂರೂವರೆ ಸಾವಿರ ಐಟಂ ಒಟ್ಟಿಗೆ ಸರಿ ಮಾಡೋಕೆ ಹೋಗಬೇಡಿ, ಅರ್ಧಕ್ಕೇ ಸೋತು ಬಿಡ್ತೀರಿ. ಒಂದು ತಿಂಗಳ ಚೀಟಿ ತೆಗೆದು ಯಾವುದು ಪದೇಪದೇ ಬರುತ್ತೆ ನೋಡಿ. ನಾಲ್ಕೈದು ನೂರು ಐಟಂನಲ್ಲೇ ವ್ಯಾಪಾರದ ಬಹುಪಾಲು ಇರುತ್ತೆ. ಅವನ್ನು ಮೊದಲು ಎಣಿಸಿ ಸರಿಪಡಿಸಿ, ಮಿಕ್ಕಿದ್ದನ್ನು ದಿನಕ್ಕೊಂದು ರ್‍ಯಾಕ್‌ನಂತೆ ಮುಗಿಸಿ. ಬಿಡಿ ಫಿಟಿಂಗಿಗೆ ಬಾರ್‌ಕೋಡ್ ಅಂಟಿಸೋದು ಕೂಲಿ ದಂಡ. ಪೇಂಟ್ ಡಬ್ಬಕ್ಕೆ ಕಂಪನಿಯ ಕೋಡ್ ಇದ್ದೇ ಇರುತ್ತೆ, ಅದನ್ನೇ ಬಳಸಿ. ಫಿಟಿಂಗುಗಳಿಗೆ ಚಿತ್ರದ ಜೊತೆ ಕೋಡ್ ಮುದ್ರಿಸಿದ ಲ್ಯಾಮಿನೇಟ್ ಹಾಳೆಗಳನ್ನು ಕೌಂಟರಿನಲ್ಲಿಡಿ, ಹುಡುಗ ಹಾಳೆಯ ಮೇಲೆ ಸ್ಕ್ಯಾನ್ ಮಾಡಿ ಸಂಖ್ಯೆ ಒತ್ತಲಿ.

ಮರುಪ್ರಶ್ನೆ – ಅದೇ ಅಂಗಡಿಯವರು

ಕಂಬಿ ಲೆಕ್ಕ ಈಗ ಅರ್ಥ ಆಯ್ತು ಸರ್. ಆದ್ರೆ ಬೆಳಿಗ್ಗೆ ರಶ್ಶಿಗೆ ಏನು ಮಾಡೋದು? ಹುಡುಗರಿಗೆ ಹೇಳಿದ್ರೆ ಹೂಂ ಅಂತಾರೆ, ಮಾಡಲ್ಲ. ಮೇಸ್ತ್ರಿಗಳಿಗೆ ಒಬ್ಬೊಬ್ಬರಿಗೂ ಒಂದೊಂದು ರೇಟು ಬೇರೆ.

ಉತ್ತರ – ಸಾಫ್ಟ್‌ವೇರ್ ಅಳವಡಿಸುವವರು

ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಅಂತ ಫ್ರೆಡ್ ಡೇವಿಸ್ ಎಂಬ ಸಂಶೋಧಕರು 1989ರಲ್ಲಿ ಒಂದು ಮಾದರಿ ಕೊಟ್ಟರು. ಬಳಸುವವನಿಗೆ ಇದರಿಂದ ಉಪಯೋಗವಿದೆ ಅನ್ನಿಸಬೇಕು, ಬಳಸೋದು ಸುಲಭ ಅನ್ನಿಸಬೇಕು. ಈ ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚು ಅಂತ ಅವರಿಗೆ ಕಂಡುಬಂತು. ನಿಮ್ಮಲ್ಲಿ ಉಪಯೋಗ ಪೂರ್ತಿ ಯಜಮಾನರಿಗೆ, ಕೆಲಸ ಪೂರ್ತಿ ಹುಡುಗನಿಗೆ. ಅವನ ಪಾಲಿಗೆ ಕಂಪ್ಯೂಟರ್ ಅಂದರೆ ಸಾಲು ಉದ್ದ ಆಗೋದು, ಮೇಸ್ತ್ರಿ ಬೈಯೋದು, ಸ್ಟಾಕ್ ಕಮ್ಮಿ ಬಂದರೆ ಸಂಬಳಕ್ಕೆ ಕತ್ತರಿ ಬೀಳಬಹುದು ಅನ್ನೋ ಭಯ. ಚೀಟಿಗೆ ಇಳಿಯದೆ ಇನ್ನೇನು ಮಾಡಿಯಾನು?

ಅವನಿಗೂ ಲಾಭ ಆಗೋ ಹಾಗೆ ಮಾಡಿ. ದರಪಟ್ಟಿ ಮೂರು ಮಟ್ಟದಲ್ಲಿ ತುಂಬಿ: ಬಿಡಿ ಗಿರಾಕಿ, ಮೇಸ್ತ್ರಿ, ಕಂಟ್ರಾಕ್ಟರ್. ಪಾರ್ಟಿ ಹೆಸರು ಹಾಕಿದ ತಕ್ಷಣ ಅವನ ರೇಟು ಪರದೆಗೆ ಬರಬೇಕು. ಶೇ 2ರ ತನಕ ಬಿಡೋ ಅಧಿಕಾರ ಹುಡುಗನಿಗೇ ಇರಲಿ, ಅದಕ್ಕಿಂತ ಹೆಚ್ಚಾದರೆ ನಿಮ್ಮ ಪಾಸ್‌ವರ್ಡ್. ಆಗ ಪ್ರತಿಯೊಂದಕ್ಕೂ ‘ಯಜಮಾನ್ರೇ, ಇವರಿಗೆ ಎಷ್ಟು?’ ಅಂತ ಕೂಗೋದು ತಪ್ಪುತ್ತೆ. ಮೊದಲ ಎರಡು ತಿಂಗಳು ತಪ್ಪಿಗೆ ದಂಡ ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಒಂದೇ ಪಾಸ್‌ವರ್ಡ್ ಎಲ್ಲರಿಗೂ ಇದ್ದರೆ ತಪ್ಪು ಎಲ್ಲಾಯ್ತು ಅಂತಲೇ ಗೊತ್ತಾಗಲ್ಲ.

ಚೀಟಿ ಮತ್ತು ಕಂಪ್ಯೂಟರ್ ಎರಡನ್ನೂ ಜೊತೆಯಲ್ಲಿ ನಡೆಸೋದು ಹದಿನೈದು ದಿನ ಮಾತ್ರ. ಅದರ ಮೇಲೆ ಹೋದರೆ ಚೀಟಿಯೇ ಗೆಲ್ಲುತ್ತೆ. ಶುರು ಮಾಡೋಕೆ ಏಪ್ರಿಲ್ 1 ಅಂತ ಎಲ್ಲರೂ ಹೇಳ್ತಾರೆ. ಲೆಕ್ಕಕ್ಕೆ ಅದು ಚೆನ್ನ, ಆದರೆ ಹಾರ್ಡ್‌ವೇರಿನವರಿಗೆ ಬೇಸಿಗೆಯಲ್ಲಿ ಕಟ್ಟಡ ಕೆಲಸ ಜೋರು, ಎಣಿಸೋಕೆ ಪುರುಸೊತ್ತೇ ಇರಲ್ಲ. ಆಷಾಢದಲ್ಲಿ ಹೊಸ ಮನೆ ಕೆಲಸ ಶುರು ಮಾಡೋರು ಕಮ್ಮಿ. ಆರಂಭದ ಬಾಕಿಗಳನ್ನು ಲೆಕ್ಕದ ವರ್ಷದ ಮಧ್ಯದಲ್ಲಿ ತುಂಬೋ ಶ್ರಮ ಸ್ವಲ್ಪ ಹೆಚ್ಚಾದರೂ ನಿಮಗೆ ಆಷಾಢವೇ ಸರಿ.

ಇನ್ನೊಂದು ಮಾತು, ನೇರವಾಗಿ ಹೇಳ್ತೀನಿ. ಯಜಮಾನರೇ ಫೋನಿನಲ್ಲಿ ‘ಹತ್ತು ಮೂಟೆ ಸಿಮೆಂಟ್ ಕಳಿಸು, ಬಿಲ್ ಆಮೇಲೆ’ ಅಂದರೆ ಮೇಲಿನದ್ದೆಲ್ಲ ನೀರಲ್ಲಿ ಹೋಮ. ಬಿಲ್ ಇಲ್ಲದೆ ಗೋಡೌನಿನಿಂದ ಸರಕು ಹೊರಡಬಾರದು ಅನ್ನೋ ನಿಯಮ ಮೊದಲು ನಿಮಗೇ ಅನ್ವಯಿಸಬೇಕು.

ಉತ್ತರ – ಜಿಎಸ್‌ಟಿ ಪ್ರಾಕ್ಟೀಷನರ್

ರಶ್ಶಿನ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಕಾನೂನಿನ ಪ್ರಕಾರ ಸರಕು ಅಂಗಡಿ ಬಿಡೋ ಮೊದಲು ಅಥವಾ ಬಿಡೋ ಹೊತ್ತಿಗೆ ಬಿಲ್ ಆಗಿರಬೇಕು. ಸಂಜೆ ಟೈಪ್ ಮಾಡೋದು ಅದಕ್ಕೆ ಹೊಂದಲ್ಲ. ಆದರೆ ಒಂದು ರಿಯಾಯಿತಿ ಇದೆ. ಮೊತ್ತ 200 ರೂಪಾಯಿಗಿಂತ ಕಡಿಮೆ ಇದ್ದು, ಗಿರಾಕಿ ಜಿಎಸ್‌ಟಿ ನೋಂದಣಿ ಇಲ್ಲದವನಾಗಿದ್ದು, ಬಿಲ್ ಬೇಡ ಅಂದರೆ, ಅಂಥ ಮಾರಾಟವನ್ನೆಲ್ಲ ದಿನದ ಕೊನೆಗೆ ಒಂದೇ ಬಿಲ್ಲಿನಲ್ಲಿ ತೋರಿಸಬಹುದು. ಮೊಳೆ, ವಾಷರ್, ಟೇಪು, ಸ್ಯಾಂಡ್‌ಪೇಪರ್ ಎಲ್ಲ ಇದರಲ್ಲಿ ಹೋಗುತ್ತೆ. ಇವಕ್ಕೆ ಬೇರೆ ಕೌಂಟರ್ ಇಟ್ಟರೆ ಸಾಲು ಎಷ್ಟೋ ಕರಗುತ್ತೆ.

ಪ್ರಶ್ನೆ – ದಿನಸಿ ಅಂಗಡಿ, ಕುಣಿಗಲ್

ಮೇಡಂ, 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗಿನಿಂದ ಕ್ಯೂಆರ್ ತೆಗೆದುಬಿಟ್ಟಿದೀವಿ. ಈಗ ಹುಡುಗ ಹುಡುಗಿಯರೆಲ್ಲ ಪಕ್ಕದ ಅಂಗಡಿಗೆ ಹೋಗ್ತಿದಾರೆ. ಮತ್ತೆ ಹಾಕಿದ್ರೆ ತೊಂದರೆನಾ?

ಉತ್ತರ – ಜಿಎಸ್‌ಟಿ ಪ್ರಾಕ್ಟೀಷನರ್

ಹಾಕಿ ಅಣ್ಣ. ಕ್ಯೂಆರ್ ತೆಗೆದರೆ ವಹಿವಾಟು ಕಮ್ಮಿ ಆಗಲ್ಲ, ನಗದೂ ವಹಿವಾಟೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಹೋಟೆಲ್ ಮತ್ತಿತರ ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಈ ಮಿತಿ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಬಿಡಿ ಅಕ್ಕಿ, ಬೇಳೆ, ಹಾಲು ಸಹ ಸೇರುತ್ತೆ. ಬಹಳ ಜನ ಎಡವೋದು ಇಲ್ಲೇ. ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿ ಬೇಡ. ಜೊತೆಗೆ ಸೋಪು, ಬಿಸ್ಕತ್ತು ಇಟ್ಟರೆ ಆ ವಿನಾಯಿತಿ ಹೋಯಿತು. ಮಿತಿ ದಾಟಿದ್ದರೆ, 1.5 ಕೋಟಿವರೆಗೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ. ವ್ಯಾಪಾರಿಗಳು ತೆರಿಗೆ ಇರುವ ಮಾರಾಟದ ಮೇಲೆ ಶೇ 1 ಕಟ್ಟಬೇಕು, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ಅಂಗಡಿಗೆ ಪ್ರತ್ಯೇಕ ಚಾಲ್ತಿ ಖಾತೆ ತೆರೆದು, ಕ್ಯೂಆರ್ ಅದಕ್ಕೇ ಜೋಡಿಸಿ. ಮನೆಯವರ ಖಾತೆಗೆ ಅಂಗಡಿ ದುಡ್ಡು, ಅಂಗಡಿ ಖಾತೆಗೆ ತಮ್ಮ ಕೊಟ್ಟ ಕೈಸಾಲ ಬಂದರೆ ನಾಳೆ ಒಂದೊಂದನ್ನೂ ಬಿಡಿಸಿ ಹೇಳಬೇಕಾಗುತ್ತೆ. ಖರೀದಿ ಬಿಲ್ಲುಗಳನ್ನು ಜೋಪಾನವಾಗಿಡಿ. ತೆರಿಗೆ ಇಲ್ಲದ ಸರಕು ಎಷ್ಟು ಮಾರಿದಿರಿ ಅನ್ನೋದಕ್ಕೆ ಅವೇ ಆಧಾರ.

ಪ್ರಶ್ನೆ – ಕೊಬ್ಬರಿ ವ್ಯಾಪಾರ, ತಿಪಟೂರು

ಸರ್, ಎರಡು ಕಂಪ್ಯೂಟರ್ ವೈಫೈನಲ್ಲಿ ಜೋಡಿಸಿದೀವಿ. ಕರೆಂಟ್ ಹೋದಾಗೆಲ್ಲ ಡೇಟಾ ಕೆಡುತ್ತೆ. ರೈತರ ಹೆಸರು ಕನ್ನಡದಲ್ಲಿ ಹಾಕಿದ್ದು ಒಂದು ಕಂಪ್ಯೂಟರಿನಲ್ಲಿ ಸರಿ ಇದೆ, ಇನ್ನೊಂದರಲ್ಲಿ ಗೀಚಿದ ಹಾಗೆ ಕಾಣುತ್ತೆ.

ಉತ್ತರ – ಸಾಫ್ಟ್‌ವೇರ್ ಅಳವಡಿಸುವವರು

ಡೇಟಾ ಒಂದರಲ್ಲಿದ್ದು ಇನ್ನೊಂದು ಅದನ್ನು ತೆರೆದು ಬರೆಯೋ ವ್ಯವಸ್ಥೆಗೆ ವೈಫೈ ಬೇಡ. ಬರೆಯುವ ನಡುವೆ ಸಂಪರ್ಕ ಕಡಿದರೆ ಫೈಲ್ ಅರ್ಧಕ್ಕೆ ನಿಲ್ಲುತ್ತೆ. ನೆಟ್‌ವರ್ಕ್ ಕೇಬಲ್ ಎಳೆಸಿ. ಕಂಪ್ಯೂಟರುಗಳ ಜೊತೆ ಮಧ್ಯದ ಸ್ವಿಚ್ಚಿಗೂ ಯುಪಿಎಸ್ ಬೇಕು. 600 ವಿಎ ಯುಪಿಎಸ್ ಒಂದು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಹಿಡಿಯುತ್ತೆ, ಮುಚ್ಚಿ ಉಳಿಸೋಕೆ ಸಾಕು. ಅದಕ್ಕೆ ಲೇಸರ್ ಪ್ರಿಂಟರ್ ಮಾತ್ರ ಸೇರಿಸಬೇಡಿ, ಬಿಸಿಯಾಗುವಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದು ಯುಪಿಎಸ್ಸನ್ನೇ ಕೆಡವುತ್ತೆ. ಬ್ಯಾಕಪ್ ದಿನಾ ತೆಗೆಯಿರಿ. ಪೆನ್‌ಡ್ರೈವ್ ಸಿಕ್ಕಿಸಿಯೇ ಬಿಟ್ಟರೆ ವೈರಸ್ ಬಂದಾಗ ಎರಡೂ ಒಟ್ಟಿಗೆ ಹೋಗುತ್ತೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಕನ್ನಡದ್ದು ಫಾಂಟಿನ ತೊಂದರೆ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣೋದು. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಿಸಿಕೊಳ್ಳೋ ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯದನ್ನು ಪರಿವರ್ತಿಸೋ ಸಾಧನಗಳಿವೆ, ಆದರೆ ಒತ್ತಕ್ಷರ ಒಮ್ಮೊಮ್ಮೆ ಕೆಡುತ್ತೆ. ಹೆಸರುಗಳನ್ನು ಕಣ್ಣಾಡಿಸಲೇಬೇಕು.

ಪ್ರಶ್ನೆ – ಮೆಷಿನಿಂಗ್ ಘಟಕ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶ

ನಮ್ಮ ವಹಿವಾಟು ಹೋದ ವರ್ಷ 5 ಕೋಟಿ ದಾಟಿತು. ಈ ವರ್ಷ ಆರ್ಡರ್ ಕಮ್ಮಿ, ನಾಲ್ಕೂ ಆಗಲ್ಲ. ದೊಡ್ಡ ಗಿರಾಕಿ ಇ-ಇನ್‌ವಾಯ್ಸ್ ಇಲ್ಲದೆ ಸರಕು ಒಳಗೆ ಬಿಡಲ್ಲ ಅಂತಾರೆ. ನಮಗೆ ಬೇಕಾ?

ಉತ್ತರ – ಜಿಎಸ್‌ಟಿ ಪ್ರಾಕ್ಟೀಷನರ್

ಬೇಕು ಸರ್. ಇ-ಇನ್‌ವಾಯ್ಸ್ ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲಿಗೆ ಹಾಕಿ ಐಆರ್‌ಎನ್ ಎಂಬ ಗುರುತಿನ ಸಂಖ್ಯೆ ಪಡೆಯೋದು. ಅದಕ್ಕೆ 2023ರ ಆಗಸ್ಟ್ 1ರಿಂದ ವಹಿವಾಟಿನ ಮಿತಿ 5 ಕೋಟಿ. 2017-18ರಿಂದ ಈಚೆಗೆ ಹಿಂದಿನ ಯಾವುದೇ ಒಂದು ವರ್ಷ ದಾಟಿದ್ದರೂ ಅನ್ವಯ, ಈ ವರ್ಷ ಇಳಿದಿದ್ದು ಲೆಕ್ಕಕ್ಕಿಲ್ಲ. ಐಆರ್‌ಎನ್ ಸಂಖ್ಯೆ ಇಲ್ಲದ ಬಿಲ್ ಬಿಲ್ಲೇ ಅಲ್ಲ, ಗಿರಾಕಿಗೆ ತೆರಿಗೆ ಜಮೆ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟೋ ತೆರಿಗೆಯಲ್ಲಿ ವಜಾ ಮಾಡೋದು) ಸಿಗೋದು ಕಷ್ಟ. ಅದಕ್ಕೇ ಅವರು ಗೇಟಿನಲ್ಲಿ ನಿಲ್ಲಿಸೋದು.

ಪೋರ್ಟಲ್ ತಿರಸ್ಕರಿಸೋದು ಬಹುತೇಕ ಸಣ್ಣ ಕಾರಣಕ್ಕೆ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ಸೊನ್ನೆಯಿಂದಾಗಲಿ ಅಡ್ಡಗೆರೆಯಿಂದಾಗಲಿ ಓರೆಗೆರೆಯಿಂದಾಗಲಿ ಶುರುವಾಗಬಾರದು. ಪಿನ್‌ಕೋಡ್ ಮತ್ತು ರಾಜ್ಯ ತಾಳೆಯಾಗಬೇಕು. ಎಚ್‌ಎಸ್‌ಎನ್ 6 ಅಂಕಿ ಇರಬೇಕು. ಗಿರಾಕಿಯ ಜಿಎಸ್‌ಟಿ ನೋಂದಣಿ ರದ್ದಾಗಿದೆಯೇ ಅಂತ ಲಾರಿ ತುಂಬೋ ಮೊದಲೇ ನೋಡಿ. ತಪ್ಪಾದರೆ 24 ಗಂಟೆಯೊಳಗೆ ಮಾತ್ರ ಪೋರ್ಟಲಿನಲ್ಲಿ ರದ್ದು ಮಾಡಬಹುದು, ಆಮೇಲೆ ಸಾಮಾನ್ಯವಾಗಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡೋ ಪತ್ರ) ಕೊಡಬೇಕಾಗುತ್ತೆ. ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸೋಕೆ ಬರಲ್ಲ, ಮುಂದಿನ ಸಂಖ್ಯೆಗೆ ಹೋಗಿ. ವಹಿವಾಟು 10 ಕೋಟಿ ಮುಟ್ಟಿದವರು 2025ರ ಏಪ್ರಿಲ್ 1ರಿಂದ ಬಿಲ್ ತಾರೀಕಿನ 30 ದಿನದೊಳಗೆ ಐಆರ್‌ಎನ್ ಪಡೆಯಬೇಕು. ತಿಂಗಳ ಕೊನೆಗೆ ಒಟ್ಟಿಗೆ ಹಾಕೋ ರೂಢಿ ಇದ್ದರೆ ಈಗಲೇ ಬಿಡಿ.