ಮುದಿ ಗಿಳಿ ಮನೆಗೆ ಬರ್ತಾ ಉಂಟು, ನೀವೆಲ್ಲ ಎಂತ ತಯಾರಿ ಮಾಡಿದ್ರಿ?

ಬಿಜೈ ಮೂರನೇ ಮಾಳಿಗೆ:
ನಮ್ಮ ಸೋದರಮಾವ ಮಗನ ಜೊತೆ ಇರ್ಲಿಕ್ಕೆ ಆಸ್ಟ್ರೇಲಿಯಾಕ್ಕೆ ಹೋಗ್ತಿದ್ದಾರೆ. ಅವರ ಆಫ್ರಿಕನ್ ಗ್ರೇ ನಮಗೆ ಬರ್ತಾ ಉಂಟು. ವಯಸ್ಸು 22. ಎದೆಯ ಹತ್ರ ಗರಿ ಕಿತ್ತುಕೊಂಡಿದೆ, ಬಲಗಾಲಿನ ಹಿಡಿತ ಅಷ್ಟು ಗಟ್ಟಿಯಿಲ್ಲ. ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್ ಪರಿವೇಶ್‌ನಲ್ಲಿ ಮಾವನ ಹೆಸರಲ್ಲಿ ದಾಖಲಾಗಿದೆ. ಜೂನ್ ಮೊದಲ ವಾರ, ಅಂದ್ರೆ ಸರಿಯಾಗಿ ಮಳೆ ಹಿಡಿಯುವಾಗ ಬರುವುದು. ಕೇಳ್ಲಿಕ್ಕಿರುವುದು ಮೂರೇ ವಿಷಯ. ಪಂಜರ ಹಾಲ್‌ನಲ್ಲಿ ಇಡುವುದಾ, ಒಳಗಿನ ಕೋಣೆಯಲ್ಲಾ? ಹಳೇ ಪಂಜರ ತುಕ್ಕು ಹಿಡಿದಿದೆ, ಅದರಲ್ಲೇ ತರುವುದಾ, ಹೊಸತು ಮಾಡಿಸುವುದಾ? ಅತ್ತೆ ದಿನಾ ಸಂಜೆ ಧೂಪ ಹಾಕ್ತಾರೆ, ಅವರಿಗೆ ಹೇಗೆ ಹೇಳುವುದು?

ಮಲ್ಪೆ ಉಪ್ಪುಗಾಳಿ:
ಪಂಜರದ ವಿಷಯ ನನ್ನ ಹತ್ರ ಕೇಳಿ ಮಾರಾಯ್ರೆ, ನಾನು ಮೂರು ಮಾಡಿಸಿದವ. 2021ರಲ್ಲಿ ವಾಪಸ್ ಗಲ್ಫಿಗೆ ಹೊರಟವರೊಬ್ಬರು 14 ವರ್ಷದ ಗ್ರೇ ಕೊಟ್ಟರು. ಪುಕ್ಕಟೆ. ಈ ಪುಕ್ಕಟೆಯ ಲೆಕ್ಕ ಕೇಳಿ. ಮೊದಲು ಜಿಐ, ಅಂದ್ರೆ ಸತು ಲೇಪದ ಕಬ್ಬಿಣದ ಜಾಲಿಯ ಪಂಜರ, 6,800. ಹೊಳೆಯುವ ಹೊಸ ಜಾಲಿ ನೋಡಿ ನನಗೂ ಖುಷಿ, ಹಕ್ಕಿಗೂ ಖುಷಿ. ಅದಕ್ಕೆ ಖುಷಿ ಯಾಕೆಂದರೆ ಜಾಲಿಯ ಮೇಲಿನ ಸತು ಕೊಕ್ಕಿಗೆ ಚೆಂದ ಸುಲಿದು ಬರ್ತದೆ. ನಾಲ್ಕು ತಿಂಗಳಲ್ಲಿ ನೀರು ಕುಡಿಯುವುದು ಜಾಸ್ತಿ ಆಯ್ತು, ಹಿಕ್ಕೆ ಹಸಿರು ನೀರಿನ ಹಾಗೆ, ಕುತ್ತಿಗೆಯಲ್ಲಿ ಸಣ್ಣ ನಡುಕ. ಇಲ್ಲಿ ತೋರಿಸಿದ ಕಡೆ ವಿಟಮಿನ್ ಹನಿ ಕೊಟ್ಟು ಕಳಿಸಿದ್ರು. ಕಡೆಗೆ ಬೆಂಗಳೂರು. ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್, ಚಾರ್ಮಾಡಿ ಸುತ್ತಿ ಹೋದದ್ದು. ಕಾರು ಬಾಡಿಗೆ 9,500. ರಕ್ತ ಪರೀಕ್ಷೆ, ಎಕ್ಸ್‌ರೇ 4,200. ಸತು ಇಳಿಸುವ ಇಂಜೆಕ್ಷನ್ ಐದು ದಿನ, ದಿನಕ್ಕೆ 900. ರೂಮು ಆರು ರಾತ್ರಿ, 1,100ರ ಹಾಗೆ. ವಾಪಸ್ ಬಂದು ಸ್ಟೀಲಿನ ಪಂಜರ ಮಾಡಿಸಿದೆ, 19,000. ಅದು 202 ಅನ್ನುವ ಅಗ್ಗದ ದರ್ಜೆಯ ಸ್ಟೀಲು ಅಂತ ನನಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಿಂದ ಕಡಲು ಕಾಣ್ತದೆ, ಒಂದೇ ಮಳೆಗಾಲದಲ್ಲಿ ಸರಳಿಗೆಲ್ಲ ಚಹಾ ಚೆಲ್ಲಿದ ಹಾಗೆ ಕಲೆ. ಆಮೇಲೆ 304 ದರ್ಜೆಯದ್ದು, 41,500. ಎಲ್ಲ ಕೂಡಿಸಿ ನೋಡಿ, 92,100.

ಈಗ ಆ ಪಂಜರದೊಳಗೆ ಅವನು ರಾತ್ರಿ ಮಲಗ್ಲಿಕ್ಕೆ ಮಾತ್ರ ಹೋಗುವುದು. ಹಗಲಿಡೀ ಕೂರುವುದು ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ. ಅದಕ್ಕೆ 650.

ಬೈಕಂಪಾಡಿ ವೆಲ್ಡರ್:
41,500ಕ್ಕೆ ನಿಮ್ಮನ್ನು ಚೆನ್ನಾಗಿ ಬೋಳಿಸಿದ್ದಾರೆ. 304 ಆದ ಕೂಡಲೇ ಆಯ್ತು ಅಂತಲ್ಲ. ಬೆಸುಗೆ ಹಾಕಿದ ಜಾಗ ನೀಲಿ-ಕಪ್ಪಾಗ್ತದಲ್ಲ, ಅದನ್ನು ಪಿಕ್ಲಿಂಗ್ ಪೇಸ್ಟ್ ಹಾಕಿ ತೆಗೀದಿದ್ರೆ 304 ಸಹ ಅಲ್ಲಿಂದಲೇ ತುಕ್ಕು ಹಿಡೀತದೆ. ಕಡಲ ಬದಿಗೆ 316 ಬೇಕು. ನಿಮ್ಮದು ಪಿಕ್ಲಿಂಗ್ ಮಾಡಿದ್ದಾ?

ಮಲ್ಪೆ ಉಪ್ಪುಗಾಳಿ:
ಮಾಡಿದ್ದೇ ಇರಬೇಕು.

ಬೈಕಂಪಾಡಿ ವೆಲ್ಡರ್:
"ಇರಬೇಕು."

ಕಂಕನಾಡಿ ಟೀಚರ್:
ಪಂಜರಕ್ಕಿಂತ ಮೊದಲು ಹೊಟ್ಟೆ ನೋಡಿ. ನಮಗೆ ಬಂದದ್ದು 13 ವರ್ಷದ ಕಾಕಟೀಲ್. ಹುಟ್ಟಿದಾಗಿನಿಂದ ಸೂರ್ಯಕಾಂತಿ ಬೀಜ ಬಿಟ್ಟು ಬೇರೆ ಏನೂ ತಿಂದದ್ದಲ್ಲ. ಲಿವರಿನಲ್ಲಿ ಕೊಬ್ಬು, ಕೊಕ್ಕು ಉದ್ದುದ್ದ ಬೆಳೆದಿತ್ತು. ನಾನು ಓದಿದ್ದನ್ನೆಲ್ಲ ನಂಬಿ ಒಂದೇ ವಾರದಲ್ಲಿ ಬೀಜ ನಿಲ್ಲಿಸಿ ಪೆಲೆಟ್, ಅಂದರೆ ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ ಹಾಕಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ, ದಿನಾ ಬೆಳಿಗ್ಗೆ 7 ಗಂಟೆಗೆ ಅದರ ಮೇಲೆ ನಿಲ್ಲಿಸಿ ತೂಕ ಬರೆದಿಡುತ್ತಿದ್ದೆ. 92 ಗ್ರಾಂ. 90. 90. 87. ಒಂಬತ್ತನೇ ದಿನ 81. ತಟ್ಟೆಯಲ್ಲಿ ಪೆಲೆಟ್ ಪುಡಿಯಾಗಿ ಬಿದ್ದಿರುತ್ತಿತ್ತು, ಓ ತಿನ್ನುತ್ತಿದೆ ಅಂದುಕೊಂಡೆ. ಅದು ಬರೀ ಜಗಿದು ಉಗುಳುತ್ತಿತ್ತು. ಹಳೇ ಹಕ್ಕಿ ಹಟ ಹಿಡಿದರೆ ಎದುರಿಗೆ ಊಟವಿದ್ದರೂ ಉಪವಾಸ ಬಿದ್ದು ಸಾಯುತ್ತದೆ. ಹತ್ತನೇ ದಿನ ಬೀಜ ವಾಪಸ್ ಕೊಟ್ಟೆ. ಆಮೇಲೆ ಹನ್ನೊಂದು ತಿಂಗಳು ಹಿಡಿಯಿತು. ನುಗ್ಗೆಸೊಪ್ಪನ್ನು ಒದ್ದೆ ಮಾಡಿ ಪಂಜರಕ್ಕೆ ಕಟ್ಟುವುದು, ಮೊಳಕೆ ಹೆಸರು, ತುರಿದ ಕ್ಯಾರೆಟ್, ನಾನೇ ಎದುರು ಕೂತು ತಿಂದು ತೋರಿಸುವುದು. ಪೆಲೆಟ್ ಕಿಲೋಗೆ 1,850 ಕೊಟ್ಟು ತರಿಸಿದ್ದು, ಅರ್ಧ ನೆಲಕ್ಕೆ. ನಮ್ಮವರು ಈಗಲೂ ಹೇಳುತ್ತಾರೆ, "ನನಗೆ ಒಂದು ದಿನ ಹೀಗೆ ಎದುರು ಕೂತು ತಿನ್ನಿಸಿದ್ದುಂಟಾ?" ಅಂತ.

ಅಜ್ಜಿಮನೆ ಕಾರ್ಕಳ:
ಈ ಪೆಲೆಟ್ಟು, 304, ತಕ್ಕಡಿ ಎಲ್ಲ ಪೇಟೆಯವರ ಮರ್ಲು. ನಮ್ಮ ಅಜ್ಜಿಯ ಹತ್ರ ಊರಿನ ಹಸಿರು ಗಿಳಿ 20 ವರ್ಷ ಇತ್ತು. ಕುಚ್ಚಲಕ್ಕಿ ಗಂಜಿಯ ಅನ್ನ, ಹಸಿಮೆಣಸು, ಪೇರಳೆ. ಚಾವಡಿಯಲ್ಲಿ ತೂಗುಹಾಕಿದ ಪಂಜರ. ಯಾವ ಡಾಕ್ಟ್ರೂ ಇಲ್ಲ, ಯಾವ ಎಕ್ಸ್‌ರೇಯೂ ಇಲ್ಲ.

ಬೆಂದೂರ್‌ವೆಲ್ ಕರಿಕೋಟು:
ಊರಿನ ಗಿಳಿ ಯಾವುದೇ ಇರಲಿ, ಕೊರಳಿಗೆ ಪಟ್ಟಿ ಇರುವುದು, ನೇರಳೆ ತಲೆಯದ್ದು, ಘಟ್ಟದ ನೀಲಿ ರೆಕ್ಕೆಯದ್ದು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವುದು ಅಪರಾಧ. ಇದನ್ನು ಹೆಮ್ಮೆಯಿಂದ ಬರೆಯಬೇಡಿ. ಗ್ರೇ, ಕಾನ್ಯೂರ್ ಇವೆಲ್ಲ ವಿದೇಶದ ಹಕ್ಕಿಗಳು, ಅದರ ದಾರಿಯೇ ಬೇರೆ. ಆಫ್ರಿಕನ್ ಗ್ರೇ 2017ರಿಂದ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಒಂದನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಸೈಟಿಸ್ ಪಟ್ಟಿಯ ಪ್ರಾಣಿಗಳು ನಮ್ಮ ಕಾಯ್ದೆಯ 4ನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯ ನಿಯಮದಲ್ಲಿ ಪರಿವೇಶ್ ದಾಖಲಾತಿ ಕಡ್ಡಾಯ, ಕೈ ಬದಲಾದರೆ ಅದನ್ನೂ ಅಲ್ಲಿ ತೋರಿಸಬೇಕು. ಮಾವ ವಿಮಾನ ಹತ್ತುವ ಮೊದಲು ಆ ಕೆಲಸ ಮುಗಿಸಿಕೊಳ್ಳಿ, ಆಮೇಲೆ ಒಟಿಪಿಗಾಗಿ ರಾತ್ರಿ ಎರಡಕ್ಕೆ ಎದ್ದು ಫೋನ್ ಮಾಡಬೇಕಾಗುತ್ತದೆ. ನನ್ನ ಕಕ್ಷಿದಾರರೊಬ್ಬರು ಮಾಡಿದ್ದಾರೆ.

ಅಜ್ಜಿಮನೆ ಕಾರ್ಕಳ:
ತೀರಿಹೋದ ಅಜ್ಜಿಯನ್ನು ಜೈಲಿಗೆ ಹಾಕ್ತೀರಾ ಈಗ? ಹಾಕಿ, ವಿಳಾಸ ಕೊಡ್ತೇನೆ.

ಸುರತ್ಕಲ್ 11ನೇ ಬ್ಲಾಕು:
ಧೂಪದ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೇನೆ. ಇಲ್ಲದಿದ್ರೆ ಬರೀತಿರಲಿಲ್ಲ.

ಭಾನುವಾರ. ನೀರುದೋಸೆಗೆ ನಾನ್‌ಸ್ಟಿಕ್ ಕಾವಲಿ ಇಟ್ಟು ಉರಿ ಜೋರು ಮಾಡಿದ್ದೆ. ದುಬೈಯಿಂದ ತಂಗಿಯ ಫೋನ್ ಬಂತು. ಬಾಲ್ಕನಿಗೆ ಹೋಗಿ ಮಾತಾಡಿದೆ, ಹತ್ತು ನಿಮಿಷ ಇರಬೇಕು. ಕಾವಲಿ ಖಾಲಿ ಕಾಯ್ತಾ ಇತ್ತು. ಕಣ್ಣಿಗೆ ಕಾಣುವ ಹೊಗೆ ಸಹ ಇರಲಿಲ್ಲ, ಒಂದು ಥರ ಬಿಸಿ ಪ್ಲಾಸ್ಟಿಕ್ ವಾಸನೆ ಅಷ್ಟೇ. ಪಂಜರ ಊಟದ ಮೇಜಿನ ಹತ್ರ. ಕಾನ್ಯೂರ್ ಕೆಳಗೆ ಪೇಪರಿನ ಮೇಲೆ ಬಿದ್ದು ಬಾಯಿ ಬಿಟ್ಟು ಉಸಿರೆಳೀತಾ ಇತ್ತು. ಬೇರೆಯವರು ಸಾಕಿ ಬಿಟ್ಟದ್ದನ್ನು ನಾವು ತಂದದ್ದು, ನಮ್ಮಲ್ಲಿ ಮೂರು ವರ್ಷ ಇತ್ತು. ಕಾರಿನ ಕೀ ಹುಡುಕುವಷ್ಟರಲ್ಲಿ ಮುಗೀತು. ಕೊಕ್ಕಿಗೆ ಅಂಟಿದ್ದ ಪಪ್ಪಾಯಿ ಇನ್ನೂ ಒಣಗಿರಲಿಲ್ಲ.

ಮರುದಿನ ಮನೆಯಲ್ಲಿದ್ದ ನಾಲ್ಕು ನಾನ್‌ಸ್ಟಿಕ್ ಪಾತ್ರೆ ಗುಜರಿಗೆ ಹಾಕಿದೆ. ಈಗ ಕಬ್ಬಿಣದ ಕಾವಲಿ, ನೀರುದೋಸೆ ಹರಿದು ಹರಿದು ಬರ್ತದೆ. ಧೂಪ, ಊದಿನಕಡ್ಡಿ, ಸೊಳ್ಳೆ ಕಾಯಿಲ್, ಕಪಾಟಿನ ನುಸಿಗುಳಿಗೆ, ರೂಮ್ ಫ್ರೆಶ್ನರ್, ಯಾವುದೂ ಬೇಡ.

ಕುಂಜಿಬೆಟ್ಟು ನಿತ್ಯಪೂಜೆ:
ನಿಮ್ಮ ನೋವು ಅರ್ಥ ಆಗ್ತದೆ. ಆದ್ರೆ ಕಾವಲಿಗೂ ಧೂಪಕ್ಕೂ ಎಂತ ಸಂಬಂಧ? ನಮ್ಮಲ್ಲಿ ಮೂರು ವರ್ಷದಿಂದ ದಿನಾ ಧೂಪ ಹಾಕ್ತೇವೆ, ಹಕ್ಕಿ ಆರಾಮ ಉಂಟು. ದೇವರ ಕೆಲಸ ನಿಲ್ಲಿಸಿ ಅಂತ ಹೇಳ್ಲಿಕ್ಕೆ ಜನರಿಗೆ ಒಂದು ನೆಪ ಬೇಕು.

ಸುರತ್ಕಲ್ 11ನೇ ಬ್ಲಾಕು:
ನನ್ನ ಹಕ್ಕಿಯೂ ಮೂರು ವರ್ಷ ಆರಾಮ ಇತ್ತು.

ಮಣಿಪಾಲ ಎಂಡ್‌ಪಾಯಿಂಟ್:
ನಾನ್‌ಸ್ಟಿಕ್ ಕಾವಲಿ ಕಾದಾಗ ಬಿಡುವ ವಿಷಗಾಳಿ ಧೂಪದಲ್ಲಿ ಇಲ್ಲ, ಒಪ್ಪಿದೆ. ಆದರೆ ಹಕ್ಕಿಗೆ ಶ್ವಾಸಕೋಶ ಮಾತ್ರ ಅಲ್ಲ, ಮೈಯೊಳಗೆಲ್ಲ ಗಾಳಿಚೀಲಗಳು. ದಿನಾ ಹೊಗೆ ಕುಡಿದ ಹಕ್ಕಿ ಮೊದಲು ಬೀಳುವುದು ಬೂಷ್ಟಿಗೆ. ಇದು ನನಗೆ ಹೇಗೆ ಗೊತ್ತು ಅಂದರೆ ನಮ್ಮದು ಬಿದ್ದಿದೆ. 17 ವರ್ಷದ ಗ್ರೇ, ಬಂದದ್ದು ಮೇ ತಿಂಗಳಲ್ಲಿ. ಜುಲೈಯಲ್ಲಿ ಸ್ವರ ಒಡೆಯಿತು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಆಸ್ಪರ್ಜಿಲಸ್ ಅನ್ನುವ ಬೂಷ್ಟು. ಎಲ್ಲಿಂದ ಅಂತ ಹುಡುಕಿದರೆ ಸಿಪ್ಪೆ ಸಹಿತ ನೆಲಗಡಲೆ. ಡಬ್ಬದಲ್ಲೇ ಇಟ್ಟಿದ್ದೆವು. ಒಂದು ಸಿಪ್ಪೆ ಒಡೆದು ನೋಡಿದರೆ ಒಳಗೆ ಬೂದಿ ಮೆತ್ತಿದ ಹಾಗೆ. ನಾಲ್ಕು ತಿಂಗಳು ದಿನಕ್ಕೆರಡು ಸಲ ನೆಬ್ಯುಲೈಸರ್ ಹಿಡಿದೆವು, ಪ್ಲಾಸ್ಟಿಕ್ ಡಬ್ಬಕ್ಕೆ ತೂತು ಕೊರೆದು ಅದರೊಳಗೆ ಕೂರಿಸಿ. ಔಷಧಿಗೇ 23,000. ತೇವ ಎಳೆಯುವ ಯಂತ್ರ 14,800. ಆಷಾಢದಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಚೆಲ್ಲುತ್ತಿದ್ದೆ, ಅಷ್ಟು ನೀರು ನಮ್ಮ ಬೆಡ್‌ರೂಮಿನ ಗಾಳಿಯಲ್ಲಿತ್ತು. ಕರೆಂಟ್ ಬಿಲ್ ನಾನು ನೋಡುವುದು ಬಿಟ್ಟಿದ್ದೇನೆ.

ಇನ್ನೊಂದು. ಇಲ್ಲಿ ನಾಲ್ಕು ತಿಂಗಳು ಬಿಸಿಲೇ ಇಲ್ಲ. ಕಿಟಕಿ ಗಾಜಿನೊಳಗೆ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜೇ ತಡೆಯುತ್ತದೆ. ಗ್ರೇಗಳಿಗೆ ಕ್ಯಾಲ್ಸಿಯಂ ಇಳಿದರೆ ಫಿಟ್ಸ್ ಬಂದು ಕೋಲಿನಿಂದ ಬೀಳುತ್ತವೆ. ಯುವಿ ಲ್ಯಾಂಪ್ ಬೇಕು.

ಅಜ್ಜಿಮನೆ ಕಾರ್ಕಳ:
ನೋಡಿ, ಅಜ್ಜಿಯ ಗಿಳಿಗೆ ಬೂಷ್ಟು ಬರಲಿಲ್ಲ. ಚಾವಡಿಯಲ್ಲಿ ಗಾಳಿ ಆಡ್ತಿತ್ತು.

ಬೆಂದೂರ್‌ವೆಲ್ ಕರಿಕೋಟು:
ಮತ್ತೆ ಅಜ್ಜಿ.

ಕಂಕನಾಡಿ ಟೀಚರ್:
ಕೂರುವ ಕೋಲಿನ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಯ ನುಣುಪು ಕೋಲು ಎಲ್ಲ ಒಂದೇ ದಪ್ಪ, ನಮ್ಮದಕ್ಕೆ ಅದರಲ್ಲೇ ಕೂತು ಕೂತು ಅಂಗಾಲಿಗೆ ಹುಣ್ಣು. ಪೇರಳೆ ಕೊಂಬೆ ಕಡಿದು ತಂದು ತಿಕ್ಕಿ ತೊಳೆದು ಹಾಕಿದೆ. ಬೆರಳಿನಷ್ಟು ಸಪೂರದ್ದು ಒಂದು, ದಪ್ಪದ್ದು ಒಂದು, ಕೆಳಗೆ ಚಪ್ಪಟೆ ಹಲಗೆ ಒಂದು. ಗೇರು, ಮಾವಿನ ಕೊಂಬೆ ಬೇಡ, ಸೊನೆ ಸುಡುತ್ತದೆ. ಪಕ್ಕದ ಮನೆಯವರ ಪೇರಳೆ ಮರದಿಂದ ಕೇಳದೆ ಕಡಿದೆ ಅಂತ ಇಂದಿಗೂ ಅವರು ಮಾತಾಡುವುದಿಲ್ಲ. ಕೇಳಿಯೇ ಕಡಿದದ್ದು. ಅವರ ಮಗನ ಹತ್ರ ಕೇಳಿದ್ದು.

ಉರ್ವ ಮಾರಿಗುಡಿ ರಸ್ತೆ:
ಪಕ್ಕದ ಮನೆ ಅಂದಾಗ ನನ್ನ ಕಥೆ ಕೇಳಿ. ನಮ್ಮ ಗ್ರೇ ಬಂದು ಎರಡು ತಿಂಗಳು ಬಾಯಿ ಬಿಡಲಿಲ್ಲ. ಮೂಗ ಅಂತಲೇ ತಿಳ್ಕೊಂಡೆವು. ಒಂದು ದಿನ ಬೆಳಿಗ್ಗೆ ಆರೂವರೆಗೆ ಮೀನಿನವನ ಹಾರ್ನ್, ಪೋಂ ಪೋಂ. ಎದುರು ಮನೆಯ ಬಾಯಮ್ಮ ಪಾತ್ರೆ ಹಿಡ್ಕೊಂಡು ಗೇಟಿಗೆ ಬಂದ್ರು, ಸ್ಕೂಟರ್ ಇಲ್ಲ. ಮರುದಿನವೂ ಇಲ್ಲ. ಮೂರನೇ ದಿನ ನಿಜವಾದ ಮೀನಿನವ ಬಂದಾಗ ಅವನಿಗೆ ಸಮಾ ಬೈದ್ರು, "ಹಾರ್ನ್ ಹಾಕಿ ಎಲ್ಲಿಗೆ ಓಡ್ತೀಯಾ" ಅಂತ. ಅವ ದೇವರಾಣೆ ಹಾಕ್ತಾನೆ. ಸತ್ಯ ಗೊತ್ತಾದ ಮೇಲೆ ಅಸೋಸಿಯೇಷನ್‌ನಿಂದ ನಮಗೆ ನೋಟಿಸು. ನಾನು ಹಾಲ್‌ನಿಂದ ಹಿಂದಿನ ಕೋಣೆಗೆ ಪಂಜರ ಸಾಗಿಸಿದೆ, ಕಿಟಕಿಗೆ 4,300ರ ದಪ್ಪ ಪರದೆ ಹಾಕಿಸಿದೆ. ಹಾರ್ನ್ ನಿಂತಿತು. ಬದಲಿಗೆ ಎದೆಯ ಗರಿ ಕೀಳ್ಲಿಕ್ಕೆ ಸುರು ಮಾಡಿದ. ಒಬ್ಬನೇ ಆಗಿಬಿಟ್ಟನಲ್ಲ. ವಾಪಸ್ ಹಾಲ್‌ಗೆ ತಂದೆ. ಈಗ ತಿಂಗಳಿಗೊಮ್ಮೆ ಬಾಯಮ್ಮನಿಗೆ ಅರ್ಧ ಕಿಲೋ ಅಂಜಲ್ ನನ್ನ ಲೆಕ್ಕದಲ್ಲಿ.

ಮಲ್ಪೆ ಉಪ್ಪುಗಾಳಿ:
ಅಂಜಲ್ ಕೊಟ್ಟು ರಾಜಿಯಾ? ಬಂಗುಡೆಯಲ್ಲಿ ಮುಗೀತಿತ್ತು.

ಉರ್ವ ಮಾರಿಗುಡಿ ರಸ್ತೆ:
ನಿಮ್ಮಲ್ಲಿ ಮೀನಿನ ದಕ್ಕೆ ಮನೆ ಬಾಗಿಲಲ್ಲೇ ಉಂಟು, ನೀವು ಹೇಳ್ತೀರಿ. ಇಲ್ಲಿ ಬಂಗುಡೆ ಕೊಟ್ಟರೆ ಅವಮಾನ.

ಕುಂಜಿಬೆಟ್ಟು ನಿತ್ಯಪೂಜೆ:
ಗಿಳಿಯ ವಿಷಯ ಎಲ್ಲಿ, ಮೀನಿನ ವಿಷಯ ಎಲ್ಲಿ. ಸಸ್ಯಾಹಾರಿಗಳೂ ಓದ್ತಾರೆ ಇಲ್ಲಿ.

ಅಜ್ಜಿಮನೆ ಕಾರ್ಕಳ:
ಹೊಗೆ ಹಾಕುವವರಿಗೆ ವಾಸನೆ ಆಗುವುದಿಲ್ಲವಂತೆ, ಮೀನಿನ ಹೆಸರು ಓದಿದ್ರೆ ಆಗ್ತದಾ?

ಬಿಜೈ ಮೂರನೇ ಮಾಳಿಗೆ:
ಎಲ್ಲರದ್ದೂ ಓದಿದೆ. ಪರಿವೇಶ್ ಕೆಲಸ ಮಾವ ಇರುವಾಗಲೇ ಮಾಡಿಸ್ತೇನೆ. ಪೇರಳೆ ಕೊಂಬೆಗೆ ಹೇಳಿಟ್ಟಿದ್ದೇನೆ, ಕೇಳಿಯೇ.

ಸುರತ್ಕಲ್‌ನವರು ಬರೆದದ್ದನ್ನು ಮೊನ್ನೆ ರಾತ್ರಿ ಅತ್ತೆಗೆ ಓದಿ ಹೇಳಿದೆ. ಅವರು ಎಂತದೂ ಹೇಳಲಿಲ್ಲ, ಎದ್ದು ಹೋಗಿ ಮಲಗಿದ್ರು. ನಿನ್ನೆ ಸಂಜೆ ಧೂಪದ ಕೆಂಡ ಬಾಲ್ಕನಿಯಲ್ಲಿ ತುಳಸಿ ಚಟ್ಟಿಯ ಹತ್ರ ಇಟ್ಟು, ಹೊರಗಿನಿಂದ ಬಾಗಿಲು ಎಳ್ಕೊಂಡ್ರು. ಮಳೆ ಬಂದ್ರೆ ಎಂತ ಮಾಡ್ತಾರೆ ಅಂತ ಗೊತ್ತಿಲ್ಲ. ನಾನ್‌ಸ್ಟಿಕ್ ಕಾವಲಿ ಅಟ್ಟಕ್ಕೆ ಹೋಯ್ತು.

ಹಳೇ ಪಂಜರದ ತುಕ್ಕಿಗೆ ಎಂತ ಮಾಡುವುದು ಅಂತ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಬೈಕಂಪಾಡಿ ವೆಲ್ಡರ್:
ಫೋಟೋ ಹಾಕಿ, ನೋಡಿ ಹೇಳ್ತೇನೆ. ಬಣ್ಣ ಮಾತ್ರ ಹೊಡೀಬೇಡಿ. ಮೊದಲ ತಿಂಗಳು ಹಳತರಲ್ಲೇ ಇರಲಿ, ಅದಕ್ಕೆ ಗೊತ್ತಿರುವ ಜಾಗ ಅದೊಂದೇ. ಮಲ್ಪೆಯವರೇ, ನಿಮ್ಮ ಬೆಸುಗೆಯ ಫೋಟೋವೂ ಹಾಕಿ.

ಮಲ್ಪೆ ಉಪ್ಪುಗಾಳಿ:
ಹಾಕುವುದಿಲ್ಲ.

ಉರ್ವ ಮಾರಿಗುಡಿ ರಸ್ತೆ:
ಬಿಜೈಯವರೇ, ನಿಮ್ಮ ಬೀದಿಗೆ ಮೀನಿನವ ಎಷ್ಟು ಗಂಟೆಗೆ ಬರುವುದು?