2008ರ ಕಾಟಾ ಚೀಟಿಯಲ್ಲಿ 31 ಟನ್ ಅದಿರು: ಹತ್ತು ಗಾಲಿ ಲಾರಿಗೆ ಸಾಧ್ಯವೇ?

ಗಣಿಧೂಳು: ಸಂಡೂರು–ಹೊಸಪೇಟೆ ಕಡೆಯ ಅದಿರು ಲಾರಿ ಸಾಗಾಟದ ಇತಿಹಾಸ ಬರೆಯುತ್ತಿದ್ದೇನೆ. ಲಾರಿ ತೂಗುವ ಕಾಟಾದ ಒಂದು ಚೀಟಿಯಲ್ಲಿ ಗ್ರಾಸ್ (ಲೋಡ್ ಸಮೇತ ಗಾಡಿ) 41, ಟೇರ್ (ಖಾಲಿ ಗಾಡಿ) 10, ನೆಟ್ (ಅದಿರು ಮಾತ್ರ) 31 ಟನ್ ಅಂತಿದೆ. ಕಾಟಾ ತಪ್ಪೋ, ನಿಜವಾಗಿ ಅಷ್ಟು ಹೇರುತ್ತಿದ್ದರೋ? 2011ರ ನಂತರ ಈ ಗಾಡಿಗಳಿಗೆ ಗಿರಾಕಿ ಯಾರಾದರು?

ಹತ್ತುಗಾಲಿ: ಕಾಟಾ ಸರಿಯೇ ಇದ್ದೀತು. ಆಗ ಹತ್ತು ಗಾಲಿಯ, ಅಂದರೆ ಮೂರು ಆಕ್ಸಲ್ ಗಾಡಿಗೆ ಕಾನೂನಿನ ಮಿತಿ ಒಟ್ಟು 25 ಟನ್; 2018ರಲ್ಲಷ್ಟೇ ಅದು 28.5 ಆಯಿತು. ಅಂದರೆ ಆಗ ಹೇರಬಹುದಾದದ್ದು 15 ಟನ್. ಪುಡಿ ಅದಿರು ಘನ ಮೀಟರಿಗೆ ಸುಮಾರು 2.2 ಟನ್ ತೂಗುತ್ತದೆ, ಹಾಗಾಗಿ 7 ಘನ ಮೀಟರಿಗೇ ಮಿತಿ ಮುಗಿಯಿತು. 14 ಘನ ಮೀಟರಿನ ಬಾಡಿಯಲ್ಲಿ ಅದು ಅರ್ಧ ಖಾಲಿ ಕಾಣುತ್ತದೆ. ಬಾಡಿ ತುಂಬಿಸಿದರೆ ಸರಿಯಾಗಿ 31 ಟನ್! ಬಾಡಿಗೆ ಟನ್ ಲೆಕ್ಕದಲ್ಲಿ ಇದ್ದದ್ದರಿಂದ ಯಾರು ಅರ್ಧ ಬಿಟ್ಟು ಹೋಗುತ್ತಾರೆ? ಆಗ ದಂಡ 2,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 1,000. ಈ ಗಾಡಿಗೆ 18,000 ಆಗುತ್ತದೆ, ಅದೂ ಹಿಡಿದರೆ. 2019ರ ತಿದ್ದುಪಡಿಯ ನಂತರ ಇದೇ ಲೋಡಿಗೆ, 28.5 ಟನ್ ಮಿತಿ ಹಿಡಿದರೂ, ಸುಮಾರು 45,000. ಸ್ಪ್ರಿಂಗ್ ಪ್ಲೇಟ್ ಕಟ್ಟಾಗುವುದು, ಟೈರ್ ಸಿಡಿಯುವುದು, ಘಾಟಿಯಲ್ಲಿ ಬ್ರೇಕ್ ಡ್ರಮ್ ಕಾಯುವುದು ಮಾಲೀಕನ ಖರ್ಚು. ರಸ್ತೆಗೆ ಬೀಳುವ ಪೆಟ್ಟು ಆಕ್ಸಲ್ ಭಾರದ ನಾಲ್ಕನೇ ಘಾತದಲ್ಲಿ ಏರುವುದರಿಂದ 25ರ ಬದಲು 41 ಟನ್ ಅಂದರೆ ಏಳು ಪಟ್ಟು ಹಾನಿ. ಅದು ಊರವರ ಖರ್ಚು.

ಬಂದರುದಾರಿ: ಗಿರಾಕಿ ವಿಷಯ. 2010ರ ಜುಲೈವರೆಗೆ ಮುಖ್ಯ ದಾರಿ ಮಂಗಳೂರು, ಬೇಲೆಕೇರಿ, ಕಾರವಾರ, ಕೃಷ್ಣಪಟ್ಟಣ ಬಂದರುಗಳದ್ದು. ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ತಡೆಯಿತು. 2012ರಿಂದ ಹಂತ ಹಂತವಾಗಿ ಗಣಿ ತೆರೆದರೂ ಅದಿರು ಇ-ಹರಾಜಿನಲ್ಲೇ ಮಾರಾಟ. ರಫ್ತಿಗೆ ಒಪ್ಪಿಗೆ ಸಿಕ್ಕಿದ್ದು 2022ರ ಮೇನಲ್ಲಿ. ಹೀಗಾಗಿ ಉಳಿದ ಗಿರಾಕಿಗಳು ತೋರಣಗಲ್ಲಿನ ಜೆಎಸ್‌ಡಬ್ಲ್ಯು ತರಹದ ಉಕ್ಕಿನ ಕಾರ್ಖಾನೆಗಳು ಮತ್ತು ಸುತ್ತಲಿನ ಸ್ಪಾಂಜ್ ಐರನ್ (ಉಕ್ಕಿಗೆ ಬೇಕಾದ ಕಚ್ಚಾ ಕಬ್ಬಿಣ) ಘಟಕಗಳು. ಟ್ರಿಪ್ ಚಿಕ್ಕದಾಯಿತು. ಬಂದರಿನ ಬಾಡಿಗೆ ನಂಬಿ ಸಾಲದಲ್ಲಿ ಗಾಡಿ ತಂದವರಿಗೆ ಕಂತು ಕಟ್ಟಲಿಕ್ಕೂ ಅದು ಸಾಲದು. ಮುಂದೆ ತೋರಣಗಲ್ಲಿಗೆ ಅದಿರು ಸಾಗಿಸುವ ಕನ್ವೇಯರ್ ಬೆಲ್ಟ್ ಬಂದು ಆ ಚಿಕ್ಕ ಟ್ರಿಪ್ಪಿಗೂ ಕತ್ತರಿ ಬಿತ್ತು.

ಒಣತೂಕ: ಒಂದು ಎಚ್ಚರಿಕೆ. ಚೀಟಿಯ 31 ಟನ್ ಹಸಿ ತೂಕ. ಲಾರಿ ಬಾಡಿಗೆ ಹಸಿ ತೂಕಕ್ಕೆ, ರಫ್ತಿನ ಅದಿರಿನ ಬೆಲೆ ಸಾಮಾನ್ಯವಾಗಿ ಒಣ ತೂಕಕ್ಕೆ. ತೇವ ಶೇ 8 ಇದ್ದರೆ ಒಣ ಅದಿರು 28.5 ಟನ್ ಮಾತ್ರ. ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬೇಡಿ, ಕಳ್ಳತನ ಇಲ್ಲದ ಕಡೆ ಕಳ್ಳತನ ಕಾಣುತ್ತದೆ. ಹಾಗೇ ಗ್ರಾಸ್, ಟೇರ್ ಎರಡಕ್ಕೂ ಬೇರೆ ಬೇರೆ ಸಮಯ ಅಚ್ಚಾಗಿದೆಯೇ ನೋಡಿ. ಟೇರ್‌ಗೆ ಸಮಯ ಇಲ್ಲದಿದ್ದರೆ ಹಳೇ ತೂಕವನ್ನೇ ಹೊಡೆದಿರಬಹುದು. ಆಮೇಲೆ ಲಾರಿ ಬಾಡಿಯ ಮೇಲೆ ಹಲಗೆ ಏರಿಸಿದ್ದರೆ ಅದರ ತೂಕವೂ ಅದಿರಿನ ಲೆಕ್ಕಕ್ಕೇ ಸೇರಿರುತ್ತದೆ.